ಇಸವಿ ಬರೆಯದ ಪುಟ: ಗ್ರೇಸ್ ಹಾಪರ್ ಕಥೆ

ಮಿನಿ ಪ್ರಾಜೆಕ್ಟ್ ಮಾಡಿದವರಿಗೆಲ್ಲ ಈ ಅನುಭವ ಆಗಿಯೇ ಇರುತ್ತೆ. ಪ್ರೋಗ್ರಾಂ ಹಗಲೆಲ್ಲ ಚೆನ್ನಾಗೇ ಓಡುತ್ತೆ. ರಾತ್ರಿ ಓಡಲಿ ಅಂತ ಬಿಟ್ಟು ಹಾಸ್ಟೆಲ್‌ಗೆ ಹೋಗಿ ಬೆಳಗ್ಗೆ ಬಂದು ನೋಡಿದರೆ ಸತ್ತು ಬಿದ್ದಿರುತ್ತೆ. ಯಾವಾಗ ಸತ್ತಿತು, ಯಾಕೆ ಸತ್ತಿತು ಅಂತ ಹೇಳೋರಿಲ್ಲ. ನಾವು ಕೋಡ್ ತುಂಬಾ ಪ್ರಿಂಟ್‌ಎಫ್ ತುರುಕಿ, ಇಲ್ಲಿಗೆ ಬಂತು ಒಂದು, ಇಲ್ಲಿಗೆ ಬಂತು ಎರಡು ಅಂತ ಬರೆಸಿದ್ದೆವು. ಟರ್ಮಿನಲ್ ಮುಚ್ಚಿದ ಕೂಡಲೇ ಅದೂ ಮಾಯ. ಆಗ ಸೀನಿಯರ್ ಒಬ್ಬರು ಸ್ಕ್ರೀನ್ ಬಿಟ್ಟು ಸಿಸ್ಟಂ ಲಾಗ್‌ಗೆ ಬರೆಸಿ ಅಂದರು. ಒಂದೇ ಒಂದು ಫಂಕ್ಷನ್ ಕಾಲ್. ಸಂದೇಶ ಏನು, ಎಷ್ಟು ಗಂಭೀರ ಅಂತ ನಾವು ಹೇಳಿದರೆ ಸಾಕು. ಹೊತ್ತು, ಮಶೀನಿನ ಹೆಸರು, ಪ್ರೋಗ್ರಾಂ ಹೆಸರು ಎಲ್ಲ ತಾನೇ ಸೇರಿ ಫೈಲಿನಲ್ಲಿ ಒಂದು ಸಾಲು ಬೀಳುತ್ತೆ. ಗಂಭೀರತೆಗೆ 0ಯಿಂದ 7ರವರೆಗೆ ಎಂಟು ಮಟ್ಟ: 0 ಅಂದರೆ ಮನೆಗೆ ಬೆಂಕಿ ಬಿದ್ದಿದೆ, 7 ಅಂದರೆ ಸುಮ್ಮನೆ ನಮ್ಮ ಡಿಬಗ್ ಗೊಣಗಾಟ.

ಆಮೇಲೆ ಹಳೇ ಲಾಗ್ ತೆಗೆದು ನೋಡಿದೆ. ಆ ಮಶೀನ್ ಹಿಂದಿನ ಬ್ಯಾಚ್‌ನಿಂದ ಬಂದಿದ್ದು, ಮಧ್ಯೆ ತಿಂಗಳುಗಟ್ಟಲೆ ಆಫ್ ಆಗಿತ್ತು. ಲಾಗ್‌ನಲ್ಲಿ ಒಂದು ಸಾಲು: ಜನವರಿ 12, ಬೆಳಗಿನ ಜಾವ, ಡಿಸ್ಕ್‌ಗೆ ಬರೆಯಲು ಆಗಲಿಲ್ಲ. ಯಾವ ಜನವರಿ? ಈ ವರ್ಷದ್ದಾದರೆ ನಮ್ಮ ಡಿಸ್ಕ್ ಸಾಯ್ತಾ ಇದೆ. ಹೋದ ವರ್ಷದ್ದಾದರೆ ಅದು ಸೀನಿಯರ್‌ಗಳು ಆಗಲೇ ಕಿತ್ತು ಬಿಸಾಕಿದ ಹಳೇ ಡಿಸ್ಕಿನ ಗೋಳು. ಸಾಲಿನಲ್ಲಿ ತಿಂಗಳಿತ್ತು, ತಾರೀಖಿತ್ತು, ಸೆಕೆಂಡೂ ಇತ್ತು. ಇಸವಿ ಮಾತ್ರ ಇರಲಿಲ್ಲ.

ಇದು ನಮ್ಮ ತಪ್ಪಲ್ಲ ಅಂತ ಆಮೇಲೆ ಗೊತ್ತಾಯ್ತು. 1980ರ ದಶಕದಲ್ಲಿ ಬರ್ಕ್ಲಿಯ ಎರಿಕ್ ಆಲ್ಮನ್ ತಮ್ಮ ಸೆಂಡ್‌ಮೇಲ್ ಪ್ರೋಗ್ರಾಂ ಜೊತೆಗೆ ಮಾಡಿದ ಸಿಸ್‌ಲಾಗ್ ಎಲ್ಲಾ ಕಡೆ ಹಬ್ಬಿತು. 2001ರಲ್ಲಿ ಅದರ ರೂಢಿಯನ್ನೇ ಆರ್‌ಎಫ್‌ಸಿ 3164 ಅಂತ ಬರೆದಿಟ್ಟರು. ಅದರಲ್ಲಿ ಇಸವಿಗೆ ಜಾಗವೇ ಇಲ್ಲ. 2009ರ ಆರ್‌ಎಫ್‌ಸಿ 5424ರಲ್ಲಿ ಇಸವಿ ಬಂತು, ಆದರೆ ಹಳೇ ರೂಪ ಇನ್ನೂ ಎಷ್ಟೋ ಮಶೀನ್‌ಗಳಲ್ಲಿ ಓಡ್ತಾನೇ ಇದೆ. ಇದನ್ನೆಲ್ಲ ಓದುತ್ತಾ ಹೋದಾಗ ಕಂಪ್ಯೂಟರ್ ಲೋಕದ ಅತಿ ಪ್ರಸಿದ್ಧ ಲಾಗ್ ಪುಟಕ್ಕೂ ಇದೇ ಕಾಯಿಲೆ ಇದೆ ಅಂತ ತಿಳಿಯಿತು. ಅದು ಪತಂಗ ಅಂಟಿಸಿದ ಪುಟ. ಆ ಪುಟವನ್ನು ಜಗತ್ತಿಗೆಲ್ಲ ಪರಿಚಯಿಸಿದವರು ಗ್ರೇಸ್ ಹಾಪರ್. ವೈವಾದಲ್ಲಿ ಕೋಬಾಲ್ ತಾಯಿ ಅಂತ ಒಂದು ಸಾಲಿನಲ್ಲಿ ಹೇಳಿ ಮುಗಿಸೋ ಈ ಹೆಂಗಸಿನ ಬದುಕು ಅಷ್ಟಕ್ಕೇ ಮುಗಿಯುವಂಥದ್ದಲ್ಲ.

ಗ್ರೇಸ್ ಬ್ರೂಸ್ಟರ್ ಮರ್ರೆ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಮೂವರು ಮಕ್ಕಳಲ್ಲಿ ದೊಡ್ಡವಳು. ಏಳು ವರ್ಷದವಳಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತೆ ನೋಡೋಣ ಅಂತ ಒಂದನ್ನು ಬಿಚ್ಚಿದಳು. ಜೋಡಿಸಲು ಬರಲಿಲ್ಲ. ನೋಡಿಕೊಂಡು ಜೋಡಿಸೋಣ ಅಂತ ಇನ್ನೊಂದನ್ನು ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳೂ ಗಡಿಯಾರ ಬಿಚ್ಚಿ ಹರಡಿಕೊಂಡು ಕೂತಿದ್ದಾಗ ಅಮ್ಮನ ಕೈಗೆ ಸಿಕ್ಕಿಬಿದ್ದಳು. ಬೈಗುಳ ಎಷ್ಟು ಬಿತ್ತೋ, ಶಿಕ್ಷೆ ಮಾತ್ರ ಚಿಕ್ಕದು: ಇನ್ನು ಮುಂದೆ ಒಂದೇ ಒಂದು ಗಡಿಯಾರ ಬಿಚ್ಚಬಹುದು. ಇದಕ್ಕಿಂತ ಒಳ್ಳೇ ಅಮ್ಮ ಎಂಜಿನಿಯರಿಂಗ್ ಓದೋರಿಗೆ ಬೇಕಾ?

ಹದಿನಾರರಲ್ಲಿ ವಾಸರ್ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್‌ನಲ್ಲಿ ಅಂಕ ಸಾಲದೆ ಒಂದು ವರ್ಷ ಕಾಯಬೇಕಾಯಿತು. ಬ್ಯಾಕ್‌ಲಾಗ್ ಇರೋರು ಇದನ್ನ ನೆನಪಿಟ್ಟುಕೊಳ್ಳಿ. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, 1930ರಲ್ಲಿ ಯೇಲ್‌ನಲ್ಲಿ ಎಂಎ, 1934ರಲ್ಲಿ ಅಲ್ಲೇ ಗಣಿತದಲ್ಲಿ ಪಿಎಚ್‌ಡಿ. 1930ರಲ್ಲೇ ವಿನ್ಸೆಂಟ್ ಹಾಪರ್ ಜೊತೆ ಮದುವೆ. 1931ರಿಂದ ವಾಸರ್‌ನಲ್ಲೇ ಪಾಠ. ನೆಮ್ಮದಿಯ ಕೆಲಸ, ಪ್ರೊಫೆಸರ್ ಹುದ್ದೆಯ ದಾರಿ. ಅಲ್ಲೇ ಇದ್ದಿದ್ದರೆ ಇವತ್ತು ಯಾರಿಗೂ ಅವರ ಹೆಸರು ಗೊತ್ತಿರುತ್ತಿರಲಿಲ್ಲ.

1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಗ್ರೇಸ್‌ಗೆ ನೌಕಾಪಡೆ ಸೇರೋ ಹಟ. ಅಮ್ಮನ ಕಡೆಯ ಮುತ್ತಾತ ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಆಗಿದ್ದವರು. ನೌಕಾಪಡೆ ಒಪ್ಪಲಿಲ್ಲ. ವಯಸ್ಸು ಜಾಸ್ತಿ, ತೂಕ ನಿಯಮಕ್ಕಿಂತ 15 ಪೌಂಡ್ ಕಡಿಮೆ. ಜೊತೆಗೆ ಗಣಿತದ ಮೇಷ್ಟ್ರ ಕೆಲಸವೇ ಯುದ್ಧಕ್ಕೆ ಮುಖ್ಯ ಅಂತ ಸರ್ಕಾರದ ಲೆಕ್ಕ. ಎಲ್ಲದಕ್ಕೂ ವಿನಾಯ್ತಿ ಕೇಳಿ ಕೇಳಿ ಕೊನೆಗೂ 1943ರ ಡಿಸೆಂಬರ್‌ನಲ್ಲಿ ಸೇರಿದರು. ತರಬೇತಿಯಲ್ಲಿ ತಮಗಿಂತ ಎಷ್ಟೋ ಚಿಕ್ಕ ಹುಡುಗಿಯರ ಜೊತೆ ಪರೇಡ್ ಮಾಡಿ, ಬ್ಯಾಚಿಗೇ ಮೊದಲಿಗರಾಗಿ ತೇರ್ಗಡೆಯಾದರು. ಹಡಗು ಸಿಗುತ್ತೆ ಅಂದುಕೊಂಡಿದ್ದರೋ ಏನೋ, ಸಿಕ್ಕಿದ್ದು ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಕೋಣೆ. 1944ರ ಜುಲೈ 2ರಂದು ಅಲ್ಲಿಗೆ ಹೋಗಿ ನಿಂತಾಗ ಎದುರಿಗಿತ್ತು ಮಾರ್ಕ್ 1.

ಆ ಮಶೀನ್ 51 ಅಡಿ ಉದ್ದ, 8 ಅಡಿ ಎತ್ತರ, 5 ಟನ್ ತೂಕ. ನಮ್ಮ ಕ್ಲಾಸ್‌ರೂಂನಲ್ಲಿ ಇಡೋಕೂ ಜಾಗ ಸಾಲದು. ಕೂಡೋ ಲೆಕ್ಕ ಸೆಕೆಂಡಿಗೆ ಮೂರು, ಒಂದು ಗುಣಾಕಾರಕ್ಕೆ ಸುಮಾರು ಆರು ಸೆಕೆಂಡ್. ಸೂಚನೆಗಳೆಲ್ಲ ತೂತು ಹೊಡೆದ ಕಾಗದದ ಪಟ್ಟಿಯಲ್ಲಿ. ಇದನ್ನು ಕಲ್ಪಿಸಿದ ಹೊವಾರ್ಡ್ ಏಕೆನ್ ಮೇಷ್ಟ್ರೂ ಹೌದು, ನೌಕಾಪಡೆಯ ಕಮಾಂಡರೂ ಹೌದು. ಲ್ಯಾಬನ್ನು ಹಡಗಿನ ಹಾಗೇ ನಡೆಸುತ್ತಿದ್ದರು. ಗ್ರೇಸ್ ಹೋಗಿ ಸೆಲ್ಯೂಟ್ ಹೊಡೆದ ದಿನವೇ ಮಶೀನ್ ತೋರಿಸಿ, ಆರ್ಕ್‌ಟ್ಯಾಂಜೆಂಟ್‌ನ ಗುಣಾಂಕಗಳನ್ನು 23 ಅಂಕೆಗಳವರೆಗೆ ಲೆಕ್ಕ ಹಾಕಿಸಿ, ಮುಂದಿನ ಗುರುವಾರದೊಳಗೆ ಬೇಕು ಅಂತ ಹೇಳಿಬಿಟ್ಟರಂತೆ. ಮ್ಯಾನ್ಯುಯಲ್ ಇರಲಿಲ್ಲ. ಆಮೇಲೆ ಮ್ಯಾನ್ಯುಯಲ್ ಬರೆಯೋ ಕೆಲಸವೂ ಗ್ರೇಸ್ ತಲೆಗೇ ಬಂತು. ಬರೆದ ಪುಟಗಳನ್ನು ದಿನಾ ಏಕೆನ್‌ಗೆ ಓದಿ ಒಪ್ಪಿಸಬೇಕಿತ್ತು. 1946ರಲ್ಲಿ ಹೊರಬಂದ ಆ ಪುಸ್ತಕ 561 ಪುಟ.

ಹಡಗಿನ ಹಾಗೆ ಅಂದೆನಲ್ಲ, ಲಾಗ್ ಬುಕ್ ಕೂಡ ಹಡಗಿನಿಂದಲೇ ಬಂದ ಪದ್ಧತಿ. ಹಿಂದೆ ನಾವಿಕರು ಒಂದು ಮರದ ತುಂಡಿಗೆ ಗಂಟು ಹಾಕಿದ ಹಗ್ಗ ಕಟ್ಟಿ ನೀರಿಗೆ ಬಿಟ್ಟು, ಹಗ್ಗ ಎಷ್ಟು ಗಂಟು ಓಡಿತು ಅಂತ ಎಣಿಸಿ ಹಡಗಿನ ವೇಗ ಅಳೆಯುತ್ತಿದ್ದರು. ಆ ಮರದ ತುಂಡೇ ಲಾಗ್. ಅದರ ಲೆಕ್ಕ ಬರೆಯೋ ಪುಸ್ತಕ ಲಾಗ್ ಬುಕ್. ಬರಬರುತ್ತಾ ಹಡಗಿನಲ್ಲಿ ನಡೆದದ್ದೆಲ್ಲ ಹೊತ್ತಿನ ಸಮೇತ ಅದರಲ್ಲಿ ಸೇರಿತು. ಇಇಇಯವರು ಇಂಡಸ್ಟ್ರಿಯಲ್ ವಿಸಿಟ್‌ಗೆ ಸಬ್‌ಸ್ಟೇಷನ್‌ಗೆ ಹೋದಾಗ ಗಂಟೆಗೊಮ್ಮೆ ರೀಡಿಂಗ್ ಬರೆಯೋ ದಪ್ಪ ರಿಜಿಸ್ಟರ್ ನೋಡಿರ್ತೀರಿ, ಅದೂ ಇದೇ ವಂಶ. ಮಾರ್ಕ್ 1 ಹಗಲು ರಾತ್ರಿ ಓಡುತ್ತಿತ್ತು, ಪಾಳಿ ಬದಲಾಗುತ್ತಿತ್ತು. ರಾತ್ರಿ ಪಾಳಿಯವನು ಕಂಡದ್ದು ಬೆಳಗಿನ ಪಾಳಿಯವನಿಗೆ ತಿಳಿಯಬೇಕಲ್ಲ, ಅದಕ್ಕೇ ಬರೆಯೋದು. ಮಶೀನ್ ತಾನಾಗಿ ಏನೂ ಹೇಳಿಕೊಳ್ಳುತ್ತಿರಲಿಲ್ಲ. ಅದರ ಪರವಾಗಿ ಮನುಷ್ಯರೇ ಲಾಗ್ ಬರೆಯುತ್ತಿದ್ದರು.

ಯುದ್ಧ ಮುಗಿದ ಮೇಲೆ ನೌಕಾಪಡೆಗೋಸ್ಕರ ಹಾರ್ವರ್ಡ್‌ನಲ್ಲಿ ಮಾರ್ಕ್ 2 ಕಟ್ಟಿದರು. ಇದು ರಿಲೇಗಳ ಯಂತ್ರ. ರಿಲೇ ಅಂದರೆ ವಿದ್ಯುತ್ ಹರಿದಾಗ ಟಕ್ ಅಂತ ಮುಚ್ಚಿಕೊಳ್ಳೋ ಸ್ವಿಚ್ಚು. ಸಂಪರ್ಕದ ಮಧ್ಯೆ ಧೂಳು ಕೂತರೂ ಲೆಕ್ಕ ತಪ್ಪುತ್ತೆ. ಹಳೇ ಕಟ್ಟಡ, ಸೆಕೆ, ಕಿಟಕಿ ತೆರೆದೇ ಇರಬೇಕು. ಒಳಗೆ ದೀಪ, ಹೊರಗೆ ಹುಳ. ಮಳೆಗಾಲದಲ್ಲಿ ಮಲೆನಾಡಿನ ಮನೆಯಲ್ಲಿ ಟ್ಯೂಬ್‌ಲೈಟ್ ಹಾಕಿ ಕೂತವರಿಗೆ ಮುಂದೇನಾಯಿತು ಅಂತ ಹೇಳಬೇಕಾಗಿಲ್ಲ.

ಆ ಲಾಗ್ ಪುಟದ ನೆತ್ತಿಯಲ್ಲಿ 9/9 ಅಂತಿದೆ, ಸೆಪ್ಟೆಂಬರ್ 9. ಬೆಳಗ್ಗೆ 8ಕ್ಕೆ ಕೆಲಸ ಶುರು, 10ಕ್ಕೆ ನಿಲುಗಡೆ. 11ಕ್ಕೆ ಕೊಸೈನ್ ಪಟ್ಟಿ ಹಾಕಿದ್ದು. ಮಧ್ಯಾಹ್ನ 3:25ಕ್ಕೆ ಗುಣಿಸುವ, ಕೂಡುವ ಭಾಗಗಳ ಪರೀಕ್ಷೆ. 3:45ಕ್ಕೆ ಎಫ್ ಪ್ಯಾನೆಲ್‌ನ 70ನೇ ರಿಲೇಯಲ್ಲಿ ಪತಂಗ. ಆ ಪತಂಗವನ್ನೇ ಟೇಪ್ ಹಾಕಿ ಪುಟಕ್ಕೆ ಅಂಟಿಸಿದ್ದಾರೆ. ಕೆಳಗೆ, ನಿಜವಾದ ಬಗ್ ಸಿಕ್ಕಿದ ಮೊದಲ ಪ್ರಸಂಗ ಇದು ಅನ್ನೋ ಅರ್ಥದ ಒಂದು ಟಿಪ್ಪಣಿ. ಸಂಜೆ 5ಕ್ಕೆ ಬಾಗಿಲು.

ಬಗ್ ಅನ್ನೋ ಮಾತು ಇಲ್ಲಿಂದಲೇ ಹುಟ್ಟಿತು ಅಂತ ಎಷ್ಟೋ ಕಡೆ ಓದಿರ್ತೀವಿ. ತಪ್ಪು. 1878ರಲ್ಲೇ ಎಡಿಸನ್ ತಮ್ಮ ಒಂದು ಪತ್ರದಲ್ಲಿ ಯಂತ್ರಗಳ ತರಲೆಗೆ ಆ ಪದ ಬಳಸಿದ್ದಾರೆ. ಲಾಗ್ ಬರೆದವರು ಮಾಡಿದ್ದು ತಮಾಷೆ: ದಿನಾ ಬಗ್ ಬಗ್ ಅಂತೀವಲ್ಲ, ಇವತ್ತು ನಿಜವಾಗಲೂ ಹುಳವೇ ಸಿಕ್ಕಿತು ನೋಡಿ ಅಂತ. ಕನ್ನಡದಲ್ಲಿ ತಲೆಗೆ ಹುಳ ಬಿಟ್ಟುಕೊಳ್ಳೋದು ಅಂತೀವಿ. ಅಲ್ಲಿ ಮಶೀನಿನ ತಲೆಗೇ ಹುಳ ಹೊಕ್ಕಿತ್ತು.

ನನಗೆ ತಮಾಷೆಗಿಂತ ಆ ಸಾಲಿನ ಕಟ್ಟು ಇಷ್ಟ. ಎಷ್ಟು ಹೊತ್ತಿಗೆ, ಯಾವ ಪ್ಯಾನೆಲ್, ಎಷ್ಟನೇ ರಿಲೇ, ಏನು ಸಿಕ್ಕಿತು. ಇವತ್ತಿನ ಸಿಸ್‌ಲಾಗ್ ಸಾಲಿನಲ್ಲಿ ಹೊತ್ತು, ಮಶೀನ್, ಪ್ರೋಗ್ರಾಂ, ಸಂದೇಶ ಬರೋದು ಇದೇ ಕ್ರಮದಲ್ಲಿ. ಜೊತೆಗೆ ಸಾಕ್ಷಿಯನ್ನೂ ಅಂಟಿಸಿದ್ದಾರೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಎಷ್ಟೋ ಕಡೆ ಬರೀ ಎರರ್ ಆಯ್ತು ಅಂತ ಬರೆಸಿದ್ದೆವು. ಯಾವ ಫೈಲ್, ಯಾಕೆ, ಏನು ಸಿಕ್ಕಿತು ಅನ್ನೋದೇ ಇಲ್ಲ. ಆ ಸಾಲಿಗಿಂತ ಸತ್ತ ಪತಂಗ ಹೆಚ್ಚು ಹೇಳುತ್ತೆ.

ಆದರೆ ಪುಟದಲ್ಲಿ ಎರಡು ವಿಷಯ ಇಲ್ಲ. ಒಂದು, ಯಾರು ಬರೆದರು ಅನ್ನೋದು. ಗ್ರೇಸ್ ಹಾಪರ್ ಹುಳ ಹಿಡಿದರು ಅಂತ ಜನ ಹೇಳ್ತಾರೆ, ಅದು ಸರಿಯಲ್ಲ. ಅವರು ಆ ತಂಡದಲ್ಲಿದ್ದರು, ಮುಂದೆ ನೂರಾರು ಭಾಷಣಗಳಲ್ಲಿ ಈ ಕತೆ ಹೇಳಿ ಜನರನ್ನು ನಗಿಸಿದರು, ಆದರೆ ತಾನೇ ಹಿಡಿದೆ ಅಂತ ಹೇಳಿಕೊಂಡವರಲ್ಲ. ಚೆನ್ನಾಗಿ ಕತೆ ಹೇಳಿದವರ ಹೆಸರಿಗೇ ಕತೆ ಅಂಟಿಕೊಂಡಿತು. ಎರಡನೆಯದು ಇಸವಿ. 9/9 ಅಷ್ಟೇ. ನೆನಪಿನ ಮೇಲೆ ಕತೆ ಹೇಳುವಾಗ ಹಾಪರ್ 1945ರ ಬೇಸಿಗೆ ಅಂದುಬಿಟ್ಟರು. ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಅದೇ ಅಚ್ಚಾಯಿತು. 1945ರಲ್ಲಿ ಮಾರ್ಕ್ 2 ಹೀಗೆ ದಿನವಿಡೀ ಪರೀಕ್ಷೆಗೆ ಓಡುವ ಸ್ಥಿತಿಯಲ್ಲೇ ಇರಲಿಲ್ಲ. ಅದು 1947ರ ಸೆಪ್ಟೆಂಬರ್ ಅನ್ನೋದು ಆಮೇಲೆ ಸರಿಹೋಯಿತು. ಬರೆದವರಿಗೆ ಇಸವಿ ಯಾಕೆ ಬೇಕಿತ್ತು ಹೇಳಿ? ಆ ಪುಸ್ತಕ ಮೇಜಿನ ಮೇಲಿತ್ತು, ಓದೋರು ನಾಳೆ ಬರೋ ಗೆಳೆಯರು. ಎಪ್ಪತ್ತೈದು ವರ್ಷ ಕಳೆದ ಮೇಲೆ ಬೇರೊಂದು ಖಂಡದ ಹುಡುಗನೊಬ್ಬ ಓದುತ್ತಾನೆ ಅಂತ ಅವರು ಯಾಕೆ ಅಂದುಕೊಳ್ಳಬೇಕು?

ಈ ತಮಾಷೆಯ ವರ್ಷಗಳು ಗ್ರೇಸ್ ಪಾಲಿಗೆ ಸುಲಭದ್ದಾಗಿರಲಿಲ್ಲ. 1945ರಲ್ಲಿ ವಿಚ್ಛೇದನ ಆಯಿತು. ಮತ್ತೆ ಮದುವೆ ಆಗಲಿಲ್ಲ, ಹಾಪರ್ ಹೆಸರು ಮಾತ್ರ ಉಳಿಸಿಕೊಂಡರು. ನೌಕಾಪಡೆಯ ಕಾಯಂ ಸೇವೆಗೆ ಸೇರುತ್ತೇನೆ ಅಂದಾಗ ವಯಸ್ಸಾಯಿತು ಅಂತ ಬೇಡ ಅಂದರು. ಮೀಸಲು ಪಡೆಯಲ್ಲಿ ಉಳಿದರು. ಹಾರ್ವರ್ಡ್‌ನಲ್ಲಿ ಹೆಂಗಸಿಗೆ ಕಾಯಂ ಹುದ್ದೆಯ ದಾರಿ ಇರಲಿಲ್ಲ. ಕುಡಿತ ಹತ್ತಿತು, ಗೆಳೆಯರಿಗೆ ಭಯವಾಗುವಷ್ಟು. ಸಾಧಕರ ಪರಿಚಯ ಬರೆಯೋರು ಈ ಭಾಗ ಸಾಮಾನ್ಯವಾಗಿ ಹಾರಿಸಿಬಿಡ್ತಾರೆ. ನಲವತ್ತು ದಾಟಿದ, ಕೆಲಸ ಗಟ್ಟಿಯಿಲ್ಲದ, ಒಂಟಿ ಹೆಂಗಸು ಅಲ್ಲಿಂದ ಎದ್ದು ಬಂದಿದ್ದು ನನಗೆ ಪದಕಗಳಿಗಿಂತ ದೊಡ್ಡದಾಗಿ ಕಾಣುತ್ತೆ.

1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್–ಮಾಕ್ಲಿ ಕಂಪನಿಗೆ ಸೇರಿದರು. ಅಲ್ಲಿ ಯೂನಿವ್ಯಾಕ್ ತಯಾರಾಗುತ್ತಿತ್ತು. ಅಲ್ಲಿನ ಪ್ರೋಗ್ರಾಮರ್‌ಗಳು ಒಂದೊಂದು ಲೆಕ್ಕಕ್ಕೆ ಬರೆದ ತುಣುಕುಗಳನ್ನು ನೋಟ್‌ಬುಕ್‌ನಲ್ಲಿಟ್ಟುಕೊಂಡು, ಬೇಕಾದಾಗ ಕೈಯಲ್ಲೇ ನಕಲು ಮಾಡಿ ಹೊಸ ಪ್ರೋಗ್ರಾಂಗೆ ಸೇರಿಸುತ್ತಿದ್ದರು. ನಕಲು ಮಾಡುವಾಗ ಬಿ ಅಕ್ಷರ 13 ಆಗುತ್ತಿತ್ತು, 4 ಹೋಗಿ ಖಾಲಿ ಜಾಗಕ್ಕೆ ಹಾಕೋ ತ್ರಿಕೋನದ ಗುರುತು ಆಗುತ್ತಿತ್ತು. ವಿಳಾಸಗಳನ್ನು ಕೂಡಿಸುವಾಗ ಲೆಕ್ಕವೂ ತಪ್ಪುತ್ತಿತ್ತು. ರೆಕಾರ್ಡ್ ಬುಕ್ ಕಾಪಿ ಹೊಡೆದ ಯಾರಿಗೂ ಇದು ಹೊಸದಲ್ಲ. ಹಾಪರ್‌ಗೆ ಹೊಳೆದದ್ದು ಸರಳ: ನಕಲು ಮಾಡೋದು, ಕೂಡೋದು ಎರಡೂ ಮಶೀನಿಗೇ ಚೆನ್ನಾಗಿ ಬರೋ ಕೆಲಸ. ತುಣುಕುಗಳನ್ನು ಟೇಪಿನಲ್ಲಿಟ್ಟು ನಂಬರ್ ಕೊಟ್ಟು, ನಂಬರ್ ಹೇಳಿದರೆ ಮಶೀನೇ ಅವನ್ನು ಜೋಡಿಸೋ ಹಾಗೆ ಮಾಡಿದರು. ಅದೇ ಎ-0 ಕಂಪೈಲರ್. ಇವತ್ತಿನ ಲೆಕ್ಕದಲ್ಲಿ ಅದು ಲಿಂಕರ್‌ಗೆ ಹತ್ತಿರ ಅನ್ನಬಹುದು, ಆದರೆ ಪ್ರೋಗ್ರಾಂ ಬರೆಯೋ ಪ್ರೋಗ್ರಾಂ ಅನ್ನೋ ಮಾತನ್ನೇ ಆಗ ಜನ ನಂಬಲಿಲ್ಲ. 1952ರಲ್ಲಿ ಅದರ ಬಗ್ಗೆ ಪ್ರಬಂಧ ಮಂಡಿಸಿದ ಮೇಲೂ ಕಂಪ್ಯೂಟರ್ ಬರೀ ಲೆಕ್ಕ ಹಾಕುತ್ತೆ, ಇದೆಲ್ಲ ಅದರ ಕೈಲಾಗಲ್ಲ ಅನ್ನೋರೇ ಜಾಸ್ತಿ.

ಮುಂದಿನ ಹೆಜ್ಜೆಗೆ ಇನ್ನೂ ವಿರೋಧ. ಆಫೀಸ್ ಲೆಕ್ಕ ಮಾಡೋ ಜನಕ್ಕೆ ಗಣಿತದ ಗುರುತುಗಳು ಬೇಡ, ಅವರ ಮಾತಿನಲ್ಲೇ ಆಜ್ಞೆ ಬರೆಯಲಿ ಅಂತ ಹಾಪರ್ ಹೊರಟರು. ಕಂಪನಿಯ ದೊಡ್ಡವರಿಗೆ ತೋರಿಸಲು ಇಂಗ್ಲಿಷ್ ಪದಗಳ ಒಂದು ಪುಟ್ಟ ಪ್ರೋಗ್ರಾಂ ಓಡಿಸಿದರು. ಅಷ್ಟಕ್ಕೇ ಬಿಡದೆ, ಪದಗಳನ್ನು ಬದಲಿಸಿ ಅದೇ ಪ್ರೋಗ್ರಾಂ ಫ್ರೆಂಚ್‌ನಲ್ಲೂ ಜರ್ಮನ್‌ನಲ್ಲೂ ಓಡುತ್ತೆ ಅಂತ ತೋರಿಸಿದರು. ಮಶೀನಿಗೆ ಎಲ್ಲ ಭಾಷೆಯೂ ಒಂದೇ, ಅಕ್ಷರಗಳ ಸಾಲು ಅಷ್ಟೇ ಅನ್ನೋದು ಅವರ ಮಾತು. ದೊಡ್ಡವರು ಗಾಬರಿಬಿದ್ದರಂತೆ. ಪೆನ್ಸಿಲ್ವೇನಿಯಾದಲ್ಲಿ ತಯಾರಾದ ಅಮೆರಿಕದ ಕಂಪ್ಯೂಟರ್‌ಗೆ ಫ್ರೆಂಚ್, ಜರ್ಮನ್ ಅರ್ಥ ಆಗೋದುಂಟೇ! ಬರೀ ಇಂಗ್ಲಿಷ್ ಅಂತ ಮಾತು ಕೊಟ್ಟು ಸಮಾಧಾನ ಮಾಡಬೇಕಾಯಿತು. ಕನ್ನಡ ಸಂಘದ ಮ್ಯಾಗಜೀನ್ ಓದೋರಿಗೆ ಈ ಪ್ರಸಂಗ ಬೇರೆಯೇ ಥರ ತಟ್ಟುತ್ತೆ. 1950ರ ದಶಕದಲ್ಲೇ ಭಾಷೆ ಮಶೀನಿನ ಸಮಸ್ಯೆ ಅಲ್ಲ ಅಂತ ತೋರಿಸಿಯಾಗಿತ್ತು. ನಮ್ಮ ಪ್ರಾಜೆಕ್ಟ್‌ನ ಲಾಗ್ ಸಂದೇಶಗಳನ್ನು ಕನ್ನಡದಲ್ಲಿ ಬರೆಸಿದಾಗ ಸಿಸ್‌ಲಾಗ್ ಏನೂ ಗೊಣಗಲಿಲ್ಲ, ಗೊಣಗಿದ್ದು ನಮ್ಮ ಟೀಂಮೇಟ್ ಮಾತ್ರ.

ಹೀಗೆ ಹುಟ್ಟಿದ್ದು ಫ್ಲೋ-ಮ್ಯಾಟಿಕ್. 1959ರಲ್ಲಿ ಸರ್ಕಾರ, ಕಂಪನಿಗಳೆಲ್ಲ ಸೇರಿ ಎಲ್ಲಾ ಮಶೀನಿಗೂ ಒಂದೇ ವ್ಯವಹಾರ ಭಾಷೆ ಮಾಡೋಣ ಅಂತ ಸಮಿತಿ ಕಟ್ಟಿದಾಗ ಫ್ಲೋ-ಮ್ಯಾಟಿಕ್ಕೇ ಮುಖ್ಯ ಮಾದರಿ. ಕೋಬಾಲ್ ಬರೆದವರು ಜೀನ್ ಸ್ಯಾಮೆಟ್ ಮುಂತಾದ ಸಮಿತಿಯವರು, ಹಾಪರ್ ಸಲಹೆಗಾರರಾಗಿದ್ದರು. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಯೂನಿವ್ಯಾಕ್ 2ರ ಮೇಲೂ, ಬೇರೆ ಕಂಪನಿಯ ಆರ್‌ಸಿಎ 501ರ ಮೇಲೂ ಓಡಿತು.

ಆ ಕಾಲದ ಕಾರ್ಡಿನಲ್ಲಿ 80 ಅಂಕಣ, ಮೆಮೊರಿ ಚಿನ್ನದ ಬೆಲೆ. ಜಾಗ ಉಳಿಸಲು ಇಸವಿಯ ಮೊದಲ ಎರಡು ಅಂಕೆ ಬಿಟ್ಟರು. 1960 ಬರೀ 60 ಆಯಿತು. ನಲವತ್ತು ವರ್ಷ ಯಾರಿಗೂ ತೊಂದರೆ ಇಲ್ಲ. 2000 ಹತ್ತಿರ ಬಂದಾಗ ಎಲ್ಲರಿಗೂ ನಡುಕ. ಆ ವೈ2ಕೆ ರಿಪೇರಿ ಕೆಲಸದಲ್ಲಿ ಬೆಂಗಳೂರಿನ ಎಷ್ಟೋ ಕಂಪನಿಗಳು ಹಳೇ ಕೋಬಾಲ್ ಸಾಲುಗಳನ್ನು ತಿದ್ದಿಯೇ ಬೆಳೆದವು. ನೋಡಿ, ಇಲ್ಲೂ ಅದೇ ಕತೆ: ಇಷ್ಟು ದಿನ ಯಾರು ಓದ್ತಾರೆ ಬಿಡು ಅನ್ನೋ ಲೆಕ್ಕ. ಇಸವಿ ತಿನ್ನೋ ಹುಳ ಪತಂಗಕ್ಕಿಂತ ಗಟ್ಟಿ.

1966ರ ಕೊನೆಗೆ ನೌಕಾಪಡೆ ಹಾಪರ್‌ರನ್ನು ನಿವೃತ್ತಿಗೆ ಕಳಿಸಿತು. ಏಳು ತಿಂಗಳಿಗೆ ಮತ್ತೆ ಕರೆಯಿತು. ನೌಕಾಪಡೆಯ ಕಂಪ್ಯೂಟರ್‌ಗಳಲ್ಲಿ ಒಂದೊಂದು ಕಡೆ ಒಂದೊಂದು ಥರ ಕೋಬಾಲ್, ಬನ್ನಿ ಸರಿಮಾಡಿ, ಆರು ತಿಂಗಳ ಕೆಲಸ ಅಂತ. ಮಧ್ಯೆ ಇನ್ನೊಂದು ಸಣ್ಣ ನಿವೃತ್ತಿ ಬಿಟ್ಟರೆ ಆ ಆರು ತಿಂಗಳು 1986ರವರೆಗೆ ಎಳೆಯಿತು. 1973ರಲ್ಲಿ ಕ್ಯಾಪ್ಟನ್, 1985ರ ಹೊತ್ತಿಗೆ ರಿಯರ್ ಅಡ್ಮಿರಲ್. ಭಾಷಣಕ್ಕೆ ಹೋದಾಗ ಚೀಲದಲ್ಲಿ ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಗಳು. ಒಂದು ನ್ಯಾನೊಸೆಕೆಂಡ್‌ನಲ್ಲಿ ಬೆಳಕು ಹೋಗೋ ದೂರ ಅಷ್ಟೇ ಅಂತ ಒಬ್ಬೊಬ್ಬರ ಕೈಗೂ ಒಂದೊಂದು ತಂತಿ ಕೊಡುತ್ತಿದ್ದರು. ಮೈಕ್ರೊಸೆಕೆಂಡ್ ತೋರಿಸಲು 984 ಅಡಿಯ ಸುರುಳಿ. ಆಫೀಸಿನ ಗೋಡೆ ಗಡಿಯಾರ ಉಲ್ಟಾ ತಿರುಗುತ್ತಿತ್ತು, ಆದರೂ ಹೊತ್ತು ಸರಿಯಾಗೇ ತೋರಿಸುತ್ತಿತ್ತು. ಏಳು ವರ್ಷದಲ್ಲಿ ಶುರುವಾದ ಗಡಿಯಾರದ ಚೇಷ್ಟೆ ಕೊನೆಯವರೆಗೂ ಹೋಗಲಿಲ್ಲ.

1986ರ ಆಗಸ್ಟ್ 14ರಂದು, ಎಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಬಾಸ್ಟನ್‌ನಲ್ಲಿ ನಿಂತಿದ್ದ ಕಾನ್‌ಸ್ಟಿಟ್ಯೂಷನ್ ಎಂಬ ಹಳೇ ಹಾಯಿ ಹಡಗಿನ ಮೇಲೆ ಕೊನೆಯ ಬಾರಿ ನಿವೃತ್ತರಾದರು. ಸುಮ್ಮನೆ ಕೂರದೆ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರರಾಗಿ ಸೇರಿದರು. 1992ರ ಜನವರಿ 1ರಂದು ತೀರಿಕೊಂಡರು. ಆರ್ಲಿಂಗ್ಟನ್‌ನ ಸೈನಿಕ ಸ್ಮಶಾನದಲ್ಲಿ ಮಣ್ಣಾದರು. 1996ರಲ್ಲಿ ನೌಕಾಪಡೆಯ ಒಂದು ಯುದ್ಧನೌಕೆಗೆ ಹಾಪರ್ ಅಂತ ಹೆಸರಿಟ್ಟು ಕಡಲಿಗಿಳಿಸಿದರು. ಹಡಗಿನ ನಂಬರ್ 70. ಪತಂಗ ಸಿಕ್ಕ ರಿಲೇ ನಂಬರೂ 70. ಕಾಕತಾಳೀಯ ಅಷ್ಟೇ, ಆದರೂ ಹೇಳದೇ ಇರೋಕಾಗಲಿಲ್ಲ.

ಆ ಲಾಗ್ ಪುಸ್ತಕ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ, ಪತಂಗ ಟೇಪಿನ ಕೆಳಗೆ ಹಾಗೇ ಇದೆ. ಸಂಗ್ರಹಾಲಯದವರು ತಮ್ಮ ದಾಖಲೆಯಲ್ಲಿ 1947 ಅಂತ ಬರೆದಿದ್ದಾರೆ. ಪುಟದಲ್ಲಿ ಈಗಲೂ 9/9 ಮಾತ್ರ.

ನಮ್ಮ ಮಶೀನಿನ ಲಾಗ್‌ಗೆ ಹೊಸ ರೂಪ ಹಾಕಿದ್ದೀವಿ, ಈಗ ಪ್ರತಿ ಸಾಲಿನಲ್ಲೂ ಇಸವಿ ಮೊದಲು ಬರುತ್ತೆ. ಜನವರಿ 12ರ ಆ ಸಾಲು ಯಾವ ವರ್ಷದ್ದು ಅಂತ ಇನ್ನೂ ಗೊತ್ತಾಗಿಲ್ಲ. ಡಿಸ್ಕ್ ಅಂತೂ ಬದಲಾಯಿಸಿಬಿಟ್ಟೆವು.